ಹಡಗಿನಲ್ಲಿ ಅಟ್ಲಾಂಟಿಕ್ ದಾಟುವವರಿಗೆ

ಎಲ್ಲರಿಗೂ ಶರಣು. ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಹಡಗಿನಲ್ಲಿ ಹೊರಟ ಕುಟುಂಬದವರು ಮೊದಲು ವೀಸಾ ನೋಡ್ಕೊಳ್ರಿ. ಬ್ರಿಟನ್, ಅಮೆರಿಕ ಎರಡರದ್ದೂ ಬೇಕು. ಅಮೆರಿಕದ ವೀಸಾ ಸಂದರ್ಶನಕ್ಕೆ ಕಲಬುರಗಿಯವರಿಗೆ ಹೈದರಾಬಾದೇ ಹತ್ತಿರ.

ಈ ದಾರಿಯ ಕ್ವೀನ್ ಮೇರಿ 2 ಹಡಗು ಸಾಮಾನ್ಯವಾಗಿ 7 ರಾತ್ರಿ ತಗೋತದ. ಕೋಣೆ ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಟ್ಟನಡುವೆ ಕೇಳ್ರಿ. ಅಲೆಗೆ ಮುಂದಿನ, ಹಿಂದಿನ ತುದಿಗಳೇ ಹೆಚ್ಚು ಏರಿಳಿಯೋದು. ವಾಕರಿಕೆ ಗುಳಿಗೆ ಮೊದಲೇ ನುಂಗಬೇಕು. ವಾಂತಿ ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲೋದಿಲ್ಲ. ಮಕ್ಕಳ ಪ್ರಮಾಣ ಡಾಕ್ಟರನ್ನೇ ಕೇಳ್ರಿ.

ದೊಡ್ಡ ಸೂಟ್‌ಕೇಸು ಬಂದರಿನಲ್ಲೇ ತಗೊಂಡು, ಕೋಣೆಗೆ ತಾಸುಗಟ್ಟಲೆ ತಡವಾಗಿ ತಂದಿಡ್ತಾರೆ. ಪಾಸ್‌ಪೋರ್ಟ್, ಬಿಪಿ-ಶುಗರ್ ಗುಳಿಗೆ, ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಪಶ್ಚಿಮಕ್ಕೆ ಹೋಗುವಾಗ 5 ರಾತ್ರಿ ಗಡಿಯಾರ ಒಂದೊಂದು ತಾಸು ಹಿಂದಕ್ಕೆ ಹೋಗ್ತದ. ಇನ್ಸುಲಿನ್ ತಗೊಳ್ಳೋ ಹಿರಿಯರ ವೇಳಾಪಟ್ಟಿ ಹೊರಡುವ ಮೊದಲೇ ಡಾಕ್ಟರ ಕಡೆ ಬರೆಸ್ಕೊಳ್ರಿ, ಇದನ್ನ ಮಾತ್ರ ಮರೀಬ್ಯಾಡ್ರಿ.

ಮನೆಯ ಕಟಕ ರೊಟ್ಟಿ, ಶೇಂಗಾ ಹಿಂಡಿಯನ್ನ ಬಹಳಷ್ಟು ಹಡಗುಗಳು ಒಳಗೆ ಬಿಡೋದಿಲ್ಲ. ಸೀಲಾದ ಪ್ಯಾಕೆಟ್ ನಡೀತದ. ಉಳಿದದ್ದನ್ನ ನ್ಯೂಯಾರ್ಕಿನ ಕಸ್ಟಮ್ಸಿಗೆ ಹೇಳಲೇಬೇಕು. ಮೊಬೈಲು ಏರೋಪ್ಲೇನ್ ಮೋಡಿನಲ್ಲಿಡ್ರಿ, ಇಲ್ಲಾಂದ್ರೆ ಹಡಗಿನ ರೋಮಿಂಗ್ ಬಿಲ್ಲು ಭಾಳ ಬರ್ತದ.