ಗೂಡು ಕಟ್ಟುವ ಕಾಲಕ್ಕೇ ಗಿರಿಯಲ್ಲಿ ಗದ್ದಲ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಬಾಬಾಬುಡನ್‌ಗಿರಿ ರಸ್ತೆಯ ತುಂಬ ವಾಹನಗಳ ಸಾಲು. ಬಂದವರ ಕಣ್ಣೆಲ್ಲ ಹುಲ್ಲುಗುಡ್ಡದ ಮೇಲೆ, ಮಂಜಿನ ಮೇಲೆ. ಗುಡ್ಡಗಳ ಸಂದಿಯಲ್ಲಿ, ನೀರು ಹರಿಯುವ ಕಡೆ ಒತ್ತಾಗಿ ಬೆಳೆದ ಕುಳ್ಳ ಮರಗಳ ಶೋಲಾ ಕಾಡನ್ನು ಅಷ್ಟಾಗಿ ಯಾರೂ ನೋಡುವುದಿಲ್ಲ. ಅದರೊಳಗಿರುವ ಒಂದು ಪುಟ್ಟ ಹಾಡುಹಕ್ಕಿಯ ಪರವಾಗಿ ಈ ಪತ್ರ.

ಅದರ ಹೆಸರು ನೀಲಗಿರಿ ಶೋಲಾಕಿಳಿ. ಮಲಯಾಳಂನಲ್ಲಿ ಕಿಳಿ ಅಂದರೆ ಹಕ್ಕಿ. ಹೆಸರಲ್ಲಿ ನೀಲಗಿರಿ ಇದ್ದರೂ ನಮ್ಮ ಗಿರಿಯೂ ಅದರ ಮನೆಯೇ. ಪಶ್ಚಿಮ ಘಟ್ಟ ಕೇರಳದಲ್ಲಿ ಕಡಿದುಹೋಗುವ ಪಾಲಕ್ಕಾಡ್ ಕಣಿವೆಯ ಉತ್ತರಕ್ಕಿರುವ ಕೆಲವೇ ಎತ್ತರದ ಬೆಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಅದು ಇಲ್ಲ. ಬ್ರಿಟಿಷ್ ಪಕ್ಷಿತಜ್ಞ ಜೆರ್ಡನ್ 1844ರಲ್ಲೇ ಇದನ್ನು ವಿವರಿಸಿದ್ದರು. ಆಮೇಲೆ ಯಾವ್ಯಾವುದೋ ಹಕ್ಕಿಗಳ ಕುಲಕ್ಕೆ ಸೇರಿಸುತ್ತಾ ಬಂದರು. ಕೊನೆಗೆ 2017ರಲ್ಲಿ ವಿಜ್ಞಾನಿ ವಿ.ವಿ. ರಾಬಿನ್ ಮತ್ತು ಸಂಗಡಿಗರು ಡಿಎನ್‌ಎ ನೋಡಿ, ‘ಶೋಲಿಕೋಲಾ’ ಅಂತ ಹೊಸ ಕುಲವನ್ನೇ ಕೊಟ್ಟರು. ಶೋಲಾದಲ್ಲಿ ವಾಸಿಸುವುದು ಅಂತ ಅರ್ಥ. ಸರಿಯಾದ ಹೆಸರು. ತಗ್ಗಿನ ಬಿಸಿಲು ದಾಟಿ ಇನ್ನೊಂದು ಬೆಟ್ಟಕ್ಕೆ ಹೋಗಿ ಬದುಕಿಕೊಳ್ಳುವ ಹಕ್ಕಿ ಇದಲ್ಲ.

ಕಳೆದ ಮೇ ತಿಂಗಳು, ಇನ್ನೂ ಬೆಳಕು ಹರಿಯುವ ಮುಂಚೆ, ಒಂದು ತಿರುವಿನ ಪಕ್ಕದ ಶೋಲಾ ಅಂಚಲ್ಲಿ ಕೂತಿದ್ದೆ. ಒಳಗಿಂದ ಸಣ್ಣ ಸಿಳ್ಳೆಗಳ ಹಾಡು ಬಿಟ್ಟುಬಿಟ್ಟು ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ಹಕ್ಕಿಯೇ ಪೊದೆಯಿಂದ ನೆಲಕ್ಕಿಳಿಯಿತು. ಗುಬ್ಬಿಗಿಂತ ತುಸು ಜಾಸ್ತಿ ಗಾತ್ರ, ಬೂದು ಬೆರೆತ ನೀಲಿ ಮೈ, ಪಕ್ಕೆಯಲ್ಲಿ ಇಟ್ಟಿಗೆ ಬಣ್ಣ. ಉದ್ದ ಕಾಲಲ್ಲಿ ಕುಪ್ಪಳಿಸಿ ಒಂದು ತರಗೆಲೆ ಮಗುಚಿತು. ಹುಳ ಸಿಕ್ಕಿತು. ಇನ್ನೊಂದು ಎಲೆಗೆ ಕೊಕ್ಕು ಹಾಕುವಷ್ಟರಲ್ಲಿ ವ್ಯಾನೊಂದು ಬಂದು ಅಲ್ಲೇ ನಿಂತಿತು. ಡೋರ್ ತೆಗೆದು ಸ್ಪೀಕರ್ ಹಾಕಿದರು. ಹಕ್ಕಿ ಮಾಯ. ಅವರು ಹೋಗಿ ಅರ್ಧ ಗಂಟೆಯಾದರೂ ಹಾಡು ಕೇಳಲಿಲ್ಲ. ನನಗೆ ತುಂಬಾ ಸಂಕಟವಾಯಿತು.

ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ಈ ಹಕ್ಕಿ ಗೂಡು ಕಟ್ಟುವುದು ಏಪ್ರಿಲ್‌ನಿಂದ ಜೂನ್‌ವರೆಗೆ. ಮರದ ಪೊಟರೆಯಲ್ಲೋ, ದರೆಯ ಸಂದಿನಲ್ಲೋ ಪಾಚಿ, ನಾರುಬೇರು ಸೇರಿಸಿ ಕಟ್ಟುತ್ತದೆ. ನಮ್ಮ ಮಕ್ಕಳಿಗೆ ರಜೆ ಸಿಗುವುದೂ ಆಗಲೇ ಅಲ್ವಾ? ರಸ್ತೆ ಪಕ್ಕದ ದರೆ ಕೆರೆದು, ಪೊದೆ ಸವರಿ ‘ಕ್ಲೀನ್’ ಮಾಡುವ ಕೆಲಸವೂ ಮಳೆಗೆ ಮುಂಚೆ, ಅದೇ ಸಮಯದಲ್ಲಿ ನಡೆಯುತ್ತದೆ.

ಅರಣ್ಯ ಇಲಾಖೆಯವರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಈ ಮೂರು ತಿಂಗಳು ಶೋಲಾ ತಿರುವುಗಳಲ್ಲಿ ವಾಹನ ನಿಲ್ಲಿಸುವುದು, ಸ್ಪೀಕರ್ ಹಾಕುವುದು ಬೇಡ. ಅಲ್ಲಿನ ದರೆ, ಪೊದೆ ಮುಟ್ಟುವ ಕೆಲಸ ಮಳೆಗಾಲ ಕಳೆಯುವವರೆಗೆ ಮುಂದೆ ಹೋಗಲಿ. ಚೆಕ್‌ಪೋಸ್ಟ್‌ನಲ್ಲಿ ಈ ಹಕ್ಕಿಯ ಚಿತ್ರವಿರುವ ಒಂದು ಬೋರ್ಡ್ ಇರಲಿ, ಕನ್ನಡದಲ್ಲಿ. ಈ ಸಲದ ರಜೆ ಶುರುವಾಗುವ ಮುಂಚೆಯೇ ಹಾಕಿದರೆ ಉಪಕಾರವಾಗುತ್ತದೆ.

ಇತಿ,
ನಿಮ್ಮ ಓದುಗ, ಚಿಕ್ಕಮಗಳೂರು