ಲ್ಯಾಕ್ರಾಸ್: ಚೆಂಡು ಕೈಬದಲಾದ ಮೇಲಿನ ಐದು ಸೆಕೆಂಡು

ಮಾನ್ಯ ಸಂಪಾದಕರೇ,

2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ, 2028ರ ಲಾಸ್ ಏಂಜಲೀಸ್ ಕೂಟಕ್ಕೆ ಕ್ರಿಕೆಟ್ ಸೇರಿಸಿದ ಸುದ್ದಿ ನಮ್ಮಲ್ಲಿ ಮನೆಮನೆಗೂ ಮುಟ್ಟಿತು. ಅದೇ ಸಭೆಯಲ್ಲಿ ಲ್ಯಾಕ್ರಾಸ್ ಕೂಡ ಸೇರಿತೆಂಬುದನ್ನು ಗಮನಿಸಿದವರು ಕಡಿಮೆ. ತುದಿಯಲ್ಲಿ ಬಲೆ ಕಟ್ಟಿದ ಕೋಲಿನಲ್ಲಿ ಚೆಂಡು ಹಿಡಿದು, ಓಡಿ, ಎಸೆದು ಗೋಲು ಹೊಡೆಯುವ ಆಟ ಇದು. ಹುಡುಗಿಯರಿಗೆ ಇದನ್ನು ಹೇಳಿಕೊಡಲು ಹೊರಟಿರುವ ಬೆಂಗಳೂರಿನ ದೈಹಿಕ ಶಿಕ್ಷಕರು ಮತ್ತು ತರಬೇತುದಾರರ ಗಮನಕ್ಕೆ ಒಂದು ಮಾತು ತರಬೇಕಿದೆ.

ಅಭ್ಯಾಸವೆಂದರೆ ಅರ್ಧ ಗಂಟೆ ದಾಳಿ, ಅರ್ಧ ಗಂಟೆ ರಕ್ಷಣೆ ಎಂಬ ಲೆಕ್ಕ ಈ ಆಟಕ್ಕೆ ಸಾಲದು. ಗೋಲುಗಳು ಬೀಳುವುದು ಇವೆರಡರ ನಡುವೆ, ಚೆಂಡು ಒಂದು ತಂಡದಿಂದ ಇನ್ನೊಂದಕ್ಕೆ ಹೋದ ಮೊದಲ ಐದಾರು ಸೆಕೆಂಡಿನಲ್ಲಿ. ಟ್ರಾನ್ಸಿಷನ್ ಎನ್ನುವುದು ಇದಕ್ಕೇ. ಒಲಿಂಪಿಕ್ಸ್‌ನಲ್ಲಿ ನಡೆಯುವ ‘ಸಿಕ್ಸಸ್’ ಮಾದರಿಯಲ್ಲಂತೂ ಆಟವೆಲ್ಲ ಇದೇ. ಗೋಲ್‌ಕೀಪರ್ ಸೇರಿ ತಂಡಕ್ಕೆ 6 ಮಂದಿ, 70 ಮೀಟರ್ ಉದ್ದ 36 ಮೀಟರ್ ಅಗಲದ ಮೈದಾನ, 8 ನಿಮಿಷದ ನಾಲ್ಕು ಅವಧಿ, ಗೋಲಿಗೆ ಹೊಡೆಯಲು 30 ಸೆಕೆಂಡು. ಗೋಲಾದ ಮೇಲೆ ಮಧ್ಯಕ್ಕೆ ಹೋಗಿ ಮತ್ತೆ ಆರಂಭಿಸುವುದಿಲ್ಲ. ಗೋಲು ಬಿಟ್ಟುಕೊಟ್ಟ ಗೋಲ್‌ಕೀಪರ್ ಅಲ್ಲಿಂದಲೇ ಚೆಂಡು ಎಸೆಯುತ್ತಾಳೆ. ಹೊಡೆದವಳು ಸಂಭ್ರಮಿಸುತ್ತಾ ನಿಂತರೆ ಚೆಂಡು ಅವಳನ್ನು ದಾಟಿ ಹೋಗಿರುತ್ತದೆ. ಕಬಡ್ಡಿಯಲ್ಲಿ ಮರಳುತ್ತಿರುವ ರೈಡರ್‌ಳ ಬೆನ್ನಿಗೇ ಎದುರಾಳಿ ರೈಡರ್ ನುಗ್ಗುವುದನ್ನು ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ.

ಮೊದಲು ಗೋಲ್‌ಕೀಪರ್‌ಳ ಎಸೆತ ನೋಡೋಣ. ಹೆಚ್ಚು ತಪ್ಪು ಆಗುವುದು ಇಲ್ಲೇ. ಅವಳ ಸ್ಟಿಕ್ಕಿನ ಬಲೆ ದೊಡ್ಡದು. ಹೊಡೆತ ತಡೆದಾಗ ಚೆಂಡು ಬಲೆಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಸಿಕ್ಕಿಕೊಂಡಿರುತ್ತದೆ. ಹಾಗೆಯೇ ಎಸೆದರೆ ನೆಲಕ್ಕೋ ಆಕಾಶಕ್ಕೋ ಹೋಗುತ್ತದೆ. ತೊಟ್ಟಿಲು ತೂಗಿದ ಹಾಗೆ ಒಂದೇ ಒಂದು ಸಲ ಸ್ಟಿಕ್ ತೂಗಿ ಚೆಂಡನ್ನು ಪಾಕೆಟ್ಟಿನ, ಅಂದರೆ ಬಲೆಯ ತಗ್ಗಿನ, ನಡುವೆ ಕೂರಿಸಿ, ಆಮೇಲೆ ಎಸೆಯಬೇಕು. ಅವಳು ತಡೆದ ಕೂಡಲೇ ಹತ್ತಿರದ ಇಬ್ಬರು ಡಿಫೆಂಡರ್‌ಗಳು ನೇರ ಮುಂದಕ್ಕಲ್ಲ, ಬಿಲ್ಲಿನಂತೆ ಬಾಗಿ ಎರಡು ಬದಿಯ ಗೆರೆಗಳ ಕಡೆಗೆ ಓಡಬೇಕು. ಬೆನ್ನು ಗೆರೆಯ ಕಡೆ, ಎದೆ ಮೈದಾನದ ಕಡೆ, ಸ್ಟಿಕ್ ಗೆರೆಯ ಬದಿಯ ಕೈಯಲ್ಲಿ. ಆಗ ಗೋಲ್‌ಕೀಪರ್ ಮತ್ತು ಮುಂದಿನ ದಾರಿ ಎರಡೂ ಕಾಣುತ್ತವೆ. ಮೈದಾನಕ್ಕೆ ಬೆನ್ನು ಹಾಕಿ ಚೆಂಡು ಹಿಡಿದವಳು ತಿರುಗುವ ಹೊತ್ತಿಗೆ ಎದುರಾಳಿಯ ಸ್ಟಿಕ್ ಎದುರಿಗೇ ಇರುತ್ತದೆ. ಮೂರನೆಯವಳು ಮಧ್ಯಕ್ಕೆ, ಉಳಿದಿಬ್ಬರು ಎದುರಾಳಿಗಳನ್ನು ಎಳೆದುಕೊಂಡು ದೂರಕ್ಕೆ. ಗೋಲ್‌ಕೀಪರ್ ಮೊದಲು ದೂರ ನೋಡಬೇಕು, ಆಮೇಲೆ ಬದಿ. ಎರಡೂ ಮುಚ್ಚಿದ್ದರೆ ಚೆಂಡು ಹಿಡಿದು ತಾನೇ ಗೋಲಿನ ಹಿಂದಕ್ಕೆ ಓಡಬೇಕು. ತಮ್ಮದೇ ಗೋಲಿನ ಎದುರು ಅಡ್ಡ ಪಾಸ್ ಮಾತ್ರ ಬೇಡವೇ ಬೇಡ. ಅದು ಎದುರಾಳಿಗೆ ಸಿಕ್ಕಿದರೆ ಬರೀ ಗೋಲ್‌ಕೀಪರ್ ಉಳಿದಿರುತ್ತಾಳೆ, ಅವಳೂ ಜಾಗದಲ್ಲಿ ಇರುವುದಿಲ್ಲ.

ಹೊಸದಾಗಿ ಕಲಿತ ಹುಡುಗಿಯರಿಂದ 30 ಮೀಟರ್ ಪಾಸ್ ಬಯಸಬಾರದು. 15 ಮೀಟರಿನ ಎರಡು ಪಾಸು ಸಾಕು. ಚೆಂಡು ತಡೆದಲ್ಲಿಂದ ಮಧ್ಯರೇಖೆ ದಾಟುವವರೆಗೆ ಸ್ಟಾಪ್‌ವಾಚ್ ಹಿಡಿಯಿರಿ. 8 ಸೆಕೆಂಡು ಮೀರಬಾರದು. ಹಾಗಾದರೆ 30ರಲ್ಲಿ 22 ಸೆಕೆಂಡು ದಾಳಿಗೆ ಉಳಿಯುತ್ತದೆ.

ಮುಂದೆ ಮೂವರು ಬಂದು ಎದುರಿಗೆ ಇಬ್ಬರೇ ಇದ್ದಾಗ ಏನು ಮಾಡಬೇಕೆಂಬುದು ಬಾಸ್ಕೆಟ್‌ಬಾಲ್ ಆಡಿದವರಿಗೆ ತಾನಾಗಿ ಬರುತ್ತದೆ. ಹಾಕಿಯಿಂದ ಬಂದವರಿಗೆ ತಲೆ ಎತ್ತಿ ಓಡುವ ಅಭ್ಯಾಸ ಮಾಡಿಸಬೇಕು. ಚೆಂಡಿರುವವಳು ಡಿಫೆಂಡರ್‌ಳ ಒಂದು ಭುಜದ ಕಡೆಗೆ ಪೂರ್ತಿ ವೇಗದಲ್ಲಿ ಹೋಗಿ, ಎರಡು ಸ್ಟಿಕ್ಕಿನಷ್ಟು, ಅಂದರೆ ಸುಮಾರು 2 ಮೀಟರ್ ಅಂತರವಿದ್ದಾಗ ಪಾಸ್ ಕೊಡಬೇಕು. ಅದಕ್ಕೂ ಮೊದಲೇ ಕೊಟ್ಟರೆ ಡಿಫೆಂಡರ್ ಅವಳಿಗೆ ಕಟ್ಟಿಬಿದ್ದಿರುವುದಿಲ್ಲ, ಚೆಂಡಿನ ಜೊತೆಗೇ ಆಚೆ ಸರಿದುಬಿಡುತ್ತಾಳೆ. ತಡ ಮಾಡಿದರೆ ಸ್ಟಿಕ್ಕಿಗೆ ಏಟು ಬಿದ್ದು ಚೆಂಡು ನೆಲಕ್ಕೆ. ಪಾಸ್ ಪಡೆಯುವವರು ಅವಳ ಸಾಲಿನಲ್ಲೇ ಓಡದೆ ಒಬ್ಬಳು ತುಸು ಮುಂದೆ, ಒಬ್ಬಳು ತುಸು ಹಿಂದೆ ಇರಲಿ.

ಡಿಫೆಂಡರ್‌ಗಳು ಮಾಡುವ ದೊಡ್ಡ ತಪ್ಪು ಚೆಂಡಿನ ಹಿಂದೆ ಓಡುವುದು. ಹಿಂದಿನಿಂದ ಅಟ್ಟಿಸಿಕೊಂಡು ಹೋದರೆ ಯಾರೂ ಸಿಗುವುದಿಲ್ಲ. ಮೊದಲು ತಮ್ಮ ಗೋಲಿನ ಎದುರಿಗೆ ಓಡಿ, ಅಲ್ಲಿಂದ ತಿರುಗಿ ಹೊರಗೆ ಬರಬೇಕು. ಇಬ್ಬರಲ್ಲಿ ಒಬ್ಬಳು ಮುಂದೆ, ಒಬ್ಬಳು ಹಿಂದೆ ನಿಲ್ಲಲಿ. ಮುಂದಿನವಳು ‘ಬಾಲ್ ನಂದು’ ಎಂದು ಕೂಗಿ ಚೆಂಡು ತಡೆಯಬೇಕು. ಮೊದಲ ಪಾಸಿಗೆ ಹಿಂದಿನವಳು ಹೋಗುತ್ತಾಳೆ. ಮುಂದಿದ್ದವಳು ತಕ್ಷಣ ಎದುರು ಬದಿಗೆ ಇಳಿಯುತ್ತಾಳೆ. ಕೂಗದಿದ್ದರೆ ಇಬ್ಬರೂ ಒಬ್ಬಳ ಮೇಲೇ ಬೀಳುತ್ತಾರೆ. ಸಿಕ್ಸಸ್‌ಗಿಂತ ದೊಡ್ಡ ಮೈದಾನದಲ್ಲಿ ಆಡುವ ಮಹಿಳೆಯರ ಫೀಲ್ಡ್ ಲ್ಯಾಕ್ರಾಸ್‌ನಲ್ಲಿ ಇನ್ನೊಂದು ಅಪಾಯವಿದೆ: ಯಾವ ಎದುರಾಳಿಯನ್ನೂ ಒಂದು ಸ್ಟಿಕ್ಕಿನಷ್ಟು ಹತ್ತಿರದಿಂದ ಕಾವಲು ಕಾಯದೆ, ಹೊಡೆಯಲು ಸಜ್ಜಾದವಳ ಮತ್ತು ಗೋಲಿನ ನಡುವಿನ ದಾರಿಗೆ ಅಡ್ಡ ನುಗ್ಗಿದರೆ ‘ಶೂಟಿಂಗ್ ಸ್ಪೇಸ್’ ಫೌಲ್. ಓಡಿ ಬರುವ ಆತುರದಲ್ಲಿ ಆಗುವ ಫೌಲ್ ಇದು. ನೇರ ಅಡ್ಡ ಬಾರದೆ ಬದಿಯ ಕೋನದಿಂದ ಬರುವುದನ್ನು ಹೇಳಿಕೊಡಬೇಕು. ಪುರುಷರ ಆಟದಂತೆ ಮೈಗೆ ಮೈ ಡಿಕ್ಕಿ ಹೊಡೆಯುವುದೂ ಇಲ್ಲಿ ಇಲ್ಲ. ಹಾಗಾಗಿ ಕಾಲಿನ ಕೆಲಸವೇ ರಕ್ಷಣೆ.

ಇದಕ್ಕೆ ಒಂದು ಡ್ರಿಲ್ ಸಾಕು, ದಿನವೂ ಮಾಡಿಸಿದರೆ. ಮೂವರು ಇಬ್ಬರ ಮೇಲೆ ದಾಳಿ ಮಾಡುತ್ತಾರೆ. ಗೋಲಿಗೆ ಹೊಡೆದ ಅಥವಾ ಚೆಂಡು ಕಳೆದುಕೊಂಡ ಹುಡುಗಿ ಒಬ್ಬಳೇ ಹಿಂದಕ್ಕೆ ಓಡಿ ರಕ್ಷಿಸಬೇಕು. ಡಿಫೆಂಡರ್‌ಗಳಿಬ್ಬರೂ ಆ ಕ್ಷಣವೇ ಎದುರು ಗೋಲಿಗೆ ದಾಳಿ ಹೊರಡಬೇಕು. ಉಳಿದಿಬ್ಬರು ಅಲ್ಲೇ ನಿಂತು ಮುಂದಿನ ಸರದಿಯ ಡಿಫೆಂಡರ್‌ಗಳಾಗುತ್ತಾರೆ. ಪ್ರತಿ ಗೋಲಿನ ಹಿಂದೆ ಹತ್ತು ಚೆಂಡು ಇಡಿ. ತಪ್ಪಿದ ಚೆಂಡು ತರಲು ಯಾರೂ ಹೋಗಬಾರದು, ಹೋದರೆ ಟ್ರಾನ್ಸಿಷನ್ ಅಲ್ಲೇ ಸತ್ತಿತು. ಒಂದು ಸರದಿ 20 ಸೆಕೆಂಡು, ವಿಶ್ರಾಂತಿ ಒಂದು ನಿಮಿಷ, ಆರು ನಿಮಿಷದ ಎರಡು ಸುತ್ತು. ಸುಸ್ತಾದ ಕಾಲಿನಲ್ಲಿ ಮಾಡಿಸಿದರೆ ನಿಧಾನ ಓಟವೇ ರೂಢಿಯಾಗುತ್ತದೆ, ಆದ್ದರಿಂದ ಅಭ್ಯಾಸದ ಕೊನೆಗೆ ಉಳಿಸಬೇಡಿ.

ನಮ್ಮ ಕೆಂಪು ಮಣ್ಣಿನ ಮೈದಾನಗಳಲ್ಲಿ ಚೆಂಡು ಕಲ್ಲಿಗೆ ತಾಗಿ ಎಲ್ಲೆಲ್ಲೋ ಪುಟಿಯುತ್ತದೆ. ಹೀಗಾಗಿ ನೆಲದ ಚೆಂಡು ಎತ್ತುವುದನ್ನು ನಿಂತು ಕಲಿಸಬಾರದು. ಮಂಡಿ ಬಗ್ಗಿಸಿ, ಚೆಂಡಿನ ಪಕ್ಕಕ್ಕೆ ಪಾದ ಇಟ್ಟು, ಹಿಂದಿನ ಕೈಯನ್ನು ನೆಲಕ್ಕೆ ತಾಗುವಷ್ಟು ಇಳಿಸಿ, ಓಟ ನಿಲ್ಲಿಸದೆ ಎತ್ತಿಕೊಂಡು ಹೋಗಬೇಕು. ಸ್ಟಿಕ್ ಕಡಿದಾಗಿ ಹಿಡಿದರೆ ಅದರ ಅಂಚು ಚೆಂಡನ್ನು ಮುಂದಕ್ಕೆ ತಳ್ಳುತ್ತದೆ. ಮಳೆ ಬಂದ ಮಾರನೆಯ ದಿನ ಪಾಕೆಟ್ ನೆನೆದು ಜೋತುಬೀಳುತ್ತದೆ. ಪಾಸು ತಗ್ಗಿಗೆ ಹೋಗುವುದು ಕೈಯ ತಪ್ಪಲ್ಲ, ದಾರ ಬಿಗಿ ಮಾಡಿಸಿ.

ಕೊನೆಯದಾಗಿ ಮೈದಾನ ನೋಡಿಕೊಳ್ಳುವವರಲ್ಲಿ ಒಂದು ವಿನಂತಿ. ಕ್ರಿಕೆಟ್ ನೆಟ್ಸ್ ಮತ್ತು ವಾಕಿಂಗ್ ಮಾಡುವವರ ನಡುವೆ 30 ಮೀಟರಿನ ಒಂದು ಮೂಲೆ ಕೊಟ್ಟರೆ ಪಾಸ್ ಕಲಿಯಬಹುದು, ಓಡಿ ಮರಳುವುದನ್ನು ಕಲಿಯಲಾಗದು. ವಾರಕ್ಕೆ ಎರಡೇ ದಿನ, ಬೆಳಿಗ್ಗೆ ಆರರಿಂದ ಏಳೂವರೆವರೆಗೆ, 70 ಮೀಟರ್ ಉದ್ದ ಬಿಟ್ಟುಕೊಡಿ. ಚೆಂಡು ಗಟ್ಟಿ ರಬ್ಬರಿನದು, ತೂಕ ಸುಮಾರು 145 ಗ್ರಾಂ. ಆದ್ದರಿಂದ ಎರಡೂ ಗೋಲುಗಳ ಹಿಂದೆ ಎತ್ತರದ ಬಲೆ ಕಟ್ಟುವ, ಗೋಲ್‌ಕೀಪರ್‌ಗೆ ಮುಖಕವಚವಿರುವ ಹೆಲ್ಮೆಟ್, ಉಳಿದವರ ಕಣ್ಣಿಗೆ ಗಾಗಲ್ಸ್ ಮತ್ತು ಎಲ್ಲರ ಬಾಯಿಗೆ ಮೌತ್‌ಗಾರ್ಡ್ ಹಾಕಿಸುವ ಹೊಣೆ ತರಬೇತುದಾರರದು.

— ಮಹಿಳಾ ಲ್ಯಾಕ್ರಾಸ್ ತರಬೇತುದಾರರು, ಬೆಂಗಳೂರು