ಹಕ್ಕಿಗಳ ನಡುಗಡ್ಡೆಯಿಂದ ಮೋಟಾರು ದೋಣಿ ದೂರವಿರಲಿ

ಮಾನ್ಯರೇ,

ಬೇಸಿಗೆಯಲ್ಲಿ ತುಂಗಭದ್ರಾ ಜಲಾಶಯದ ನೀರು ಇಳಿದು ಹಿನ್ನೀರಿನಲ್ಲಿ ನಡುಗಡ್ಡೆಗಳು ಮೇಲೆದ್ದಾಗ, ಹೊಳೆ ರೀವದಂತಹ ಹಕ್ಕಿಗಳು ಗೂಡು ಕಟ್ಟದೆ ಬರಿಯ ಮರಳಿನಲ್ಲೇ ಮೊಟ್ಟೆ ಇಡುತ್ತವೆ. ಮೋಟಾರು ದೋಣಿ ಸಮೀಪಿಸಿದರೆ ಅವು ಬೆದರಿ ಹಾರುತ್ತವೆ; ಆಗ ನಮ್ಮ ಕೊಪ್ಪಳ ಸೀಮೆಯ ಏಪ್ರಿಲ್ ಬಿಸಿಲಿಗೆ ನೆರಳಿಲ್ಲದ ಮೊಟ್ಟೆಗಳು ಕೆಡುತ್ತವೆ, ಇಲ್ಲವೇ ಕಾಗೆಗಳ ಪಾಲಾಗುತ್ತವೆ, ದೋಣಿ ಎಬ್ಬಿಸುವ ಅಲೆಗಳಂತೂ ನೀರಂಚಿನ ಮೊಟ್ಟೆಗಳನ್ನು ಕೊಚ್ಚಿಕೊಂಡೇ ಹೋಗುತ್ತವೆ. ಆದ್ದರಿಂದ ಮಾರ್ಚ್‌ನಿಂದ ಮೇ ಕೊನೆಯವರೆಗೆ ಇಂತಹ ನಡುಗಡ್ಡೆಗಳ ಸುತ್ತ ಕನಿಷ್ಠ 200 ಮೀಟರ್ ಒಳಗೆ ಮೋಟಾರು ದೋಣಿಗಳು ಬಾರದಂತೆ ಜಿಲ್ಲಾಡಳಿತ ಹಾಗೂ ಅರಣ್ಯ ಇಲಾಖೆ ನಿರ್ಬಂಧಿಸಬೇಕು. ಹರಿಗೋಲಿನಲ್ಲಿ ಬಲೆ ಬೀಸಿ ಬದುಕುವ ಮೀನುಗಾರರಿಗೆ ಮಾತ್ರ ಇದರಿಂದ ತೊಂದರೆಯಾಗಬಾರದು. ನಡುಗಡ್ಡೆಗಳನ್ನು ಗುರುತಿಸುವಾಗ ಮೊದಲು ಅವರನ್ನೇ ಕೇಳಬೇಕು.

– ಓದುಗ, ಮುನಿರಾಬಾದ್, ಕೊಪ್ಪಳ ಜಿಲ್ಲೆ